ಹದಿನೈದು ಸಲ, ನಿಧಾನವಾಗಿ

ಅನಿತಳ ಕಾಲು ಮೊದಲ ಸಲ ಉಳುಕಿದ್ದರಲ್ಲಿ ಯಾರ ತಪ್ಪೂ ಇಲ್ಲ. ಎರಡನೇ ಸಲ ಹಾಳಾದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಓದುತ್ತಾ ಹೋದ ಹಾಗೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟಬಹುದು, ಅದು ನನಗೆ ಬೇಕಾಗಿಲ್ಲ. ತಲೆ ನರೆತ ಹೆಂಗಸು, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಮೂವತ್ತೆಂಟು ವರ್ಷ ಭರತನಾಟ್ಯ ಹೇಳಿಕೊಟ್ಟವಳು ಎಂದು ಜನ ನನಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ನನ್ನ ಗಂಡ ಸುಬ್ಬಣ್ಣ ಮಾತ್ರ, ಇಂದಿರ, ನಿನ್ನ ಬಾಯಿಗೆ ಹೆದರಿ ನಿಮಿಷಾಂಬ ಗುಡಿಯ ಕೋತಿಗಳೂ ನಮ್ಮ ಮನೆ ಕಡೆ ಬರುವುದಿಲ್ಲ ಎನ್ನುತ್ತಾರೆ. ಅವರು ತಮಾಷೆಗೆ ಹೇಳುವುದು, ಆದರೆ ಅರ್ಧ ನಿಜವೇ.

ಅನಿತ ಕಿಕ್ಕೇರಿಯವಳು. ಅವಳಪ್ಪ ಚಲುವರಾಜು ಅಲ್ಲಿನ ಬಸ್ ಸ್ಟ್ಯಾಂಡಿನ ಪಕ್ಕ ಎಳನೀರು, ತೆಂಗಿನಕಾಯಿ ಮಾರುತ್ತಾನೆ. ತಾಯಿ ಇಲ್ಲ, ಅಜ್ಜಿ ತಿಮ್ಮಮ್ಮ ಸಾಕಿದ್ದು. ಆಗ ನಾನು ಭಾನುವಾರಗಳಲ್ಲಿ ಕೆ.ಆರ್. ಪೇಟೆಯ ಒಂದು ಶಾಲೆಯ ಹಾಲಿನಲ್ಲಿ ಕ್ಲಾಸು ನಡೆಸುತ್ತಿದ್ದೆ. ಅನಿತ ಹತ್ತು ವರ್ಷದವಳಿದ್ದಾಗ ಅಲ್ಲಿಗೆ ಸೇರಿದಳು. ಮೊದಲನೆಯ ದಿನ ಮಕ್ಕಳನ್ನೆಲ್ಲ ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಗೆ ಮಡಚಿ ಅರ್ಧ ಕೂತ ಭಂಗಿಯಲ್ಲಿ, ನಿಲ್ಲಿಸಿ ಕಾಫಿ ಕುಡಿಯಲು ಹೋದೆ. ಮಾತಿಗೆ ಕೂತು ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಂದು ನೋಡಿದರೆ ಮಿಕ್ಕವರೆಲ್ಲ ಓಡಾಡಿಕೊಂಡಿದ್ದಾರೆ, ಇವಳೊಬ್ಬಳು ಹಾಗೇ ಇದ್ದಾಳೆ, ತೊಡೆ ಗಡಗಡ ನಡುಗುತ್ತಿದೆ. ಯಾಕೆ ಏಳಲಿಲ್ಲ ಎಂದರೆ ನೀವು ಹೇಳಲಿಲ್ಲ ಎಂದಳು. ಇವಳು ನನ್ನವಳು ಎಂದು ಆವತ್ತೇ ತೀರ್ಮಾನಿಸಿದೆ. ನನಗೆ ಆಗ ಹೆದರಿಕೆ ಆಗಬೇಕಿತ್ತು, ಹೆಮ್ಮೆಯಾಯಿತು.

ಆಮೇಲಿನ ಹನ್ನೊಂದು ವರ್ಷ ಅವಳು ಕಲಿತಳು. ಕೆ.ಆರ್. ಪೇಟೆಯಲ್ಲಿ ಡಿಗ್ರಿ ಮಾಡುತ್ತಲೇ ವಾರಕ್ಕೆ ಮೂರು ದಿನ ಗಂಜಾಂಗೆ ಬರುತ್ತಿದ್ದಳು. ಉಳಿದಿದ್ದದ್ದು ವಿದ್ವತ್ ಪರೀಕ್ಷೆ ಒಂದು. ಅದು ಪಾಸಾದರೆ ನಾಗಮಂಗಲದ ಖಾಸಗಿ ಶಾಲೆಯೊಂದರಲ್ಲಿ ಡ್ಯಾನ್ಸ್ ಟೀಚರ್ ಕೆಲಸ ಕಾದಿತ್ತು, ಅಲ್ಲಿನ ಹೆಡ್‌ಮಿಸ್ಟ್ರೆಸ್ ನನಗೆ ಮಾತು ಕೊಟ್ಟಿದ್ದರು. ಪರೀಕ್ಷೆ ಜೂನ್ ಕೊನೆಗೆ. ಫೆಬ್ರವರಿ ಮೊದಲ ವಾರ ನನ್ನ ಕ್ಲಾಸಿನ ಹಾಲಿನಲ್ಲಿ ಹಾರಿ ಇಳಿಯುವಾಗ ಅವಳ ಬಲಪಾದ ಹೊರಮಗ್ಗುಲಿಗೆ ಹೊರಳಿತು.

ಸಂಜೆಯ ಹೊತ್ತಿಗೆ ಪಾದದ ಗಿಣ್ಣು ಬನ್ನಿನ ಹಾಗೆ ಊದಿಕೊಂಡಿತು. ಮಂಡ್ಯದಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೂಳೆ ಮುರಿದಿಲ್ಲ, ಲಿಗಮೆಂಟು ಅರ್ಧ ಹರಿದಿದೆ ಎಂದರು. ಮೂರು ವಾರ ಪಟ್ಟಿ, ಆಮೇಲೆ ವ್ಯಾಯಾಮ, ಒಟ್ಟು ಮೂರು ತಿಂಗಳು ಹಾರುವ ಹಾಗಿಲ್ಲ. ಫೆಬ್ರವರಿ, ಮಾರ್ಚ್, ಏಪ್ರಿಲ್. ಮೇ ತಿಂಗಳಿಗೆ ಕುಣಿಯಬಹುದಿತ್ತು, ಜೂನಿಗೆ ಪರೀಕ್ಷೆ ಬರೆಯಬಹುದಿತ್ತು. ಸಮಯ ಸಾಕಾಗಿ ಮಿಕ್ಕುತ್ತಿತ್ತು. ಈ ತಿಂಗಳುಗಳನ್ನು ನಾನು ಬೆರಳು ಮಡಚಿ ಎಷ್ಟು ಸಲ ಎಣಿಸಿದ್ದೇನೋ ಲೆಕ್ಕವಿಲ್ಲ.

ತಿಮ್ಮಮ್ಮನಿಗೆ ಇದೊಂದೂ ಒಪ್ಪಿಗೆಯಾಗಲಿಲ್ಲ. ನಾಗಮಂಗಲದ ಕಡೆ ಎಣ್ಣೆ ಹಚ್ಚಿ ನೀವುವವನೊಬ್ಬ ಇದ್ದಾನೆ, ಒಂದೇ ಸಲಕ್ಕೆ ಎಳೆದು ಸರಿಮಾಡುತ್ತಾನೆ ಎಂದು ಹಟ ಹಿಡಿದಳು. ನಾನು ಫೋನಿನಲ್ಲೇ ಆಕೆಯ ನೀರಿಳಿಸಿದೆ. ಓದಿದವರು ಹೇಳಿದ ಹಾಗೆ ಕೇಳಬೇಕು, ಕಂಡಕಂಡವರ ಕೈಗೆ ಕಾಲು ಕೊಟ್ಟು ಕುಂಟಿಯಾಗುವುದು ಬೇಡ ಎಂದು ದೊಡ್ಡ ಭಾಷಣ ಮಾಡಿದೆ. ಬಸ್ಸು ಹತ್ತಿ ಇಳಿಯುವುದು ಕಷ್ಟ, ಅನಿತ ವಾಸಿಯಾಗುವವರೆಗೆ ನಮ್ಮ ಮನೆಯಲ್ಲೇ ಇರಲಿ ಎಂದು ಚಲುವರಾಜುವಿಗೆ ಹೇಳಿದೆ. ಅವನು ಒಂದು ಮೂಟೆ ಎಳನೀರು ತಂದಿಳಿಸಿ ಕೈಮುಗಿದ.

"ನಿಮ್ ತಾವೇ ಇರ್ಲಿ ಮೇಡಮ್ಮೋರೆ. ಮನೇಲಿದ್ರೆ ಸುಮ್ಕೆ ಕುಂತ್ಕಳಾಕಿಲ್ಲ ಅವ್ಳು. ನಿಮ್ ಮಾತಂದ್ರೆ ಜೀವ ವೋದ್ರೂ ಮೀರಾಕಿಲ್ಲ" ಎಂದ.

ವ್ಯಾಯಾಮಕ್ಕೆ ಪಾಂಡವಪುರದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಅಲ್ಲಿ ಸ್ನೇಹ ಎಂಬ ಫಿಸಿಯೋಥೆರಪಿಸ್ಟ್ ಇದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಬಿಳಿ ಕೋಟು, ಕಾಲಿಗೆ ದಪ್ಪ ಬೂಟು. ಬೂಟು ಹಾಕಿಕೊಂಡವಳು ಪಾದದ ಬಗ್ಗೆ ನಮಗೇನು ಹೇಳಿಯಾಳು ಎಂದು ನಾನು ಬಾಗಿಲಲ್ಲೇ ಮೂಗು ಮುರಿದಿದ್ದೆ. ಅವಳು ಅನಿತಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ನೋಡಿದಳು. ಆಮೇಲೆ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟಳು. ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುವುದು. ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ನಾಲ್ಕು ದಿಕ್ಕಿಗೆ ಎಳೆಯುವುದು. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಮೂರು ಎಣಿಸುವಷ್ಟು ಹೊತ್ತು ಮೇಲಕ್ಕೆ, ಮೂರು ಎಣಿಸುವಷ್ಟು ಹೊತ್ತು ಕೆಳಕ್ಕೆ. ಹದಿನೈದು ಸಲ, ನಿಧಾನವಾಗಿ. ನಿಧಾನವಾಗಿ ಎಂಬ ಮಾತಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಳು.

ನೋವನ್ನು ಹತ್ತಕ್ಕೆ ಅಳೆಯಬೇಕು, ಮೂರು ದಾಟಿದರೆ ಅಲ್ಲಿಗೆ ನಿಲ್ಲಿಸಬೇಕು ಎಂದಳು. ಮಾರನೆಯ ಬೆಳಿಗ್ಗೆ ಊತ ಕಂಡರೆ ಹಿಂದಿನ ದಿನ ಹೆಚ್ಚಾಗಿದೆ ಎಂದು ತಿಳಿದು ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಒಂಟಿ ಕಾಲಿನ ವ್ಯಾಯಾಮ ತಾನು ಹೇಳುವವರೆಗೆ ಬೇಡ. ಇಷ್ಟೇ. ಐದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಹಾಗೆ ಹೇಳಿದ್ದಳು.

ಮೊದಲ ಹತ್ತು ದಿನ ಚೆನ್ನಾಗಿಯೇ ನಡೆಯಿತು. ಕಾಲಿನಲ್ಲಿ ಅಕ್ಷರ ಬರೆದರೆ ಸರಸ್ವತಿಗೆ ಅಪಚಾರ ಎಂದು ಅನಿತ ಪ್ರತಿ ಸಲವೂ ಮೊದಲು ಆ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ಕ್ಷಮೆ ಕೇಳಿ ಆಮೇಲೆ ಬರೆಯುತ್ತಿದ್ದಳು. ಅದನ್ನು ನೋಡಿ ನಾನೂ ಸುಬ್ಬಣ್ಣನವರೂ ನಗುತ್ತಿದ್ದೆವು. ಊತ ಇಳಿಯಿತು. ಕುಂಟು ಹೋಯಿತು. ಹಿಮ್ಮಡಿ ಎತ್ತುವಾಗ ನಾನು ಎದುರಿಗೆ ಕೂತು ಎಣಿಸುತ್ತಿದ್ದೆ. ಬಾಯಲ್ಲಿ ಎಣಿಸುವುದು ಬೇಜಾರಾಗಿ ಒಂದು ದಿನ ತಟ್ಟುಕೋಲು ಕೈಗೆ ತೆಗೆದುಕೊಂಡೆ. ನಾವು ಪಾಠ ಮಾಡುವಾಗ ಮಣೆಯ ಮೇಲೆ ತಾಳ ತಟ್ಟುವ ಗೇಣುದ್ದದ ಮರದ ಕೋಲು ಅದು.

ಕೇಡು ಶುರುವಾದದ್ದು ಅಲ್ಲಿಂದ. ನಮ್ಮಲ್ಲಿ ಯಾವ ಅಡವನ್ನೂ, ಅಂದರೆ ಹೆಜ್ಜೆಯ ಪಾಠವನ್ನೂ, ಒಂದೇ ವೇಗದಲ್ಲಿ ಮಾಡಿ ಬಿಡುವ ಪದ್ಧತಿ ಇಲ್ಲ. ಮೊದಲನೆಯ ವೇಗದಲ್ಲಿ ಮಾಡಿದ್ದನ್ನು ಎರಡನೆಯದರಲ್ಲಿ ಅದರ ಎರಡರಷ್ಟು, ಮೂರನೆಯದರಲ್ಲಿ ನಾಲ್ಕರಷ್ಟು ಬೇಗ ಮಾಡಬೇಕು. ಮೂರೂ ಆದರೆ ಮಾತ್ರ ಅದು ಬಂತು ಎಂದು ಲೆಕ್ಕ. ಮೂವತ್ತೆಂಟು ವರ್ಷ ದಿನಕ್ಕೆ ನಾಲ್ಕು ಗಂಟೆ ಹೀಗೇ ತಟ್ಟಿದ ಕೈ ಇದು. ನಿಧಾನಕ್ಕೆ ಹದಿನೈದು ಮುಗಿಯಿತು, ಕೈ ತಾನಾಗಿಯೇ ಎರಡನೇ ವೇಗಕ್ಕೆ ಹೋಯಿತು. ನನಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕನೇ ಏಟಿಗೇ ಗೊತ್ತಾಯಿತು. ಅನಿತಳ ಹಿಮ್ಮಡಿ ಕೋಲಿನ ಜೊತೆಗೇ ಎದ್ದು ಇಳಿಯುತ್ತಿತ್ತು, ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅದನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಒಂದು ತಿಂಗಳಿಂದ ಅವಳ ಕಾಲು ನನ್ನ ಕೋಲಿಗೆ ಸಿಕ್ಕಿರಲಿಲ್ಲ. ಮೂರನೆಯದನ್ನೂ ತಟ್ಟಿದೆ.

ನನ್ನ ಕ್ಲಾಸಿನಲ್ಲಿ ಒಂದು ನಿಯಮ ಇತ್ತು. ನಾನು ಕೋಲು ನಿಲ್ಲಿಸುವ ಮುಂಚೆ ಯಾರೂ ನಿಲ್ಲಿಸುವ ಹಾಗಿಲ್ಲ. ಬಾಯಾರಿಕೆ, ಉಸಿರು, ಗೆಜ್ಜೆಯ ದಾರ ಬಿಚ್ಚಿದ್ದು, ಯಾವುದಕ್ಕೂ ರಿಯಾಯಿತಿ ಇಲ್ಲ. ನನ್ನ ಗುರುಗಳೂ ಹಾಗೇ ಇದ್ದರು. ನನಗೆ ಇಪ್ಪತ್ತೆರಡರಲ್ಲಿ ಕಾಲು ಉಳುಕಿದಾಗ ಹಳೇ ಪಂಚೆ ಹರಿದು ಬಿಗಿಯಾಗಿ ಸುತ್ತಿ ಕುಣಿಸಿದ್ದರು, ನಾನು ಕುಣಿದಿದ್ದೆ, ನನಗೇನೂ ಆಗಿರಲಿಲ್ಲ. ನನಗೇನೂ ಆಗಲಿಲ್ಲ ಎಂಬುದನ್ನೇ ನಾನು ಶಾಸ್ತ್ರ ಎಂದು ನಂಬಿಕೊಂಡು ಬಂದಿದ್ದೆ.

ಹಾಗೆ ಎರಡು ವಾರ ನಡೆಯಿತು. ಅನಿತ ಬೆಳಿಗ್ಗೆ ಬಚ್ಚಲಿಗೆ ಹೋದರೆ ಬೇಗ ಬರುತ್ತಿರಲಿಲ್ಲ. ಬಕೆಟ್ಟಿನ ತಣ್ಣೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಾಳೆ ಎಂದು ಸುಬ್ಬಣ್ಣನವರು ಒಂದು ದಿನ ಹೇಳಿದರು. ಸೆಖೆ ಶುರುವಾಯಿತಲ್ಲ, ಕೂತಿರಲಿ ಬಿಡಿ ಎಂದೆ.

ಮಾರ್ಚ್ ಕೊನೆಗೆ ಪಾಂಡವಪುರಕ್ಕೆ ಹೋದಾಗ ಸ್ನೇಹ ಗಿಣ್ಣಿನ ಮೇಲೆ ಅಂಗೈ ಇಟ್ಟು ಹುಬ್ಬು ಗಂಟಿಕ್ಕಿದಳು. ಬಿಸಿ ಇದೆಯಲ್ಲ, ಏನಾದರೂ ಹಾರಿದೆಯಾ ಎಂದು ಕೇಳಿದಳು. ಇಲ್ಲ ಎಂದು ನಾನು ಉತ್ತರ ಕೊಟ್ಟೆ. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದಳು. ಅನಿತ ಒಂದು ಗಳಿಗೆ ನನ್ನ ಮುಖ ನೋಡಿ, ಎರಡು ಎಂದಳು. ಸ್ನೇಹ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಮೇಡಂ, ಇದು ಡ್ಯಾನ್ಸ್ ಅಲ್ಲ. ಇದರಲ್ಲಿ ಬೇಗ ಮಾಡಿದ್ರೆ ಮಾರ್ಕ್ಸ್ ಇಲ್ಲ. ಇನ್ನೊಂದು ವಾರ ಬರೀ ಕೂತು ಮಾಡೋದು ಅಷ್ಟೇ ಮಾಡ್ಲಿ. ನನಗೆ ಈ ಕಾಲು ಇಷ್ಟ ಆಗ್ತಿಲ್ಲ" ಎಂದಳು.

ಅವಳು ಹೇಳಿದ್ದು ಅಷ್ಟೇ, ಮರ್ಯಾದೆಯಿಂದಲೇ ಹೇಳಿದಳು. ನನಗೆ ಮೈ ಉರಿದುಹೋಯಿತು. ಬಸ್ಸಿನಲ್ಲಿ ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೂ ಅನಿತಳ ಕಿವಿಯಲ್ಲಿ ಅದನ್ನೇ ಕುಟ್ಟಿದೆ. ನಾನು ಎಷ್ಟು ಪಾದ ತಿದ್ದಿದ್ದೇನೆ, ಇವಳು ಎಷ್ಟು ನೋಡಿದ್ದಾಳೆ, ಇವಳ ಮಾತು ಕೇಳಿಕೊಂಡು ಕೂತರೆ ಜೂನ್ ಅಲ್ಲ, ಮುಂದಿನ ಜನ್ಮಕ್ಕೆ ಪರೀಕ್ಷೆ ಎಂದೆ. ಅನಿತ ಕಿಟಕಿಯ ಕಡೆ ನೋಡುತ್ತಾ ಊಂ ಎನ್ನುತ್ತಿದ್ದಳು. ನಾನು ಮಾತಾಡುವಾಗ ಊಂ ಎನ್ನುವುದನ್ನೂ ನಾನೇ ಅವಳಿಗೆ ಅಭ್ಯಾಸ ಮಾಡಿಸಿದ್ದು.

ಮಾರನೆಯ ಬೆಳಿಗ್ಗೆ ಒಂಟಿ ಕಾಲಿಗೆ ನಿಲ್ಲಿಸಿದೆ. ಎಡಗಾಲು ಮಡಚಿ, ಬಲಹಿಮ್ಮಡಿ ಎತ್ತಿ ಇಳಿಸಬೇಕು. ಮೊದಲನೆಯ ವೇಗ ಆಯಿತು, ಎರಡನೆಯದೂ ಆಯಿತು. ಮೂರನೆಯ ವೇಗದಲ್ಲಿ ಒಂಟಿ ಹಿಮ್ಮಡಿ ಎತ್ತಿ ಇಳಿಸುವುದೆಂದರೆ ಅದು ಕುಪ್ಪಳಿಸುವುದೇ, ಇದು ನನಗೆ ತಿಳಿಯದ ವಿಷಯವಲ್ಲ. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಒಂಬತ್ತನೆಯದೋ ಹತ್ತನೆಯದೋ ಇಳಿಯುವಾಗ ಪಾದ ಹೊರಗಡೆಗೆ ಮಗುಚಿತು. ಒಣಕಡ್ಡಿ ಮುರಿದ ಹಾಗೆ ಚಟ್ ಎಂದು ಸದ್ದಾಯಿತು. ನನಗೆ ಕೇಳಿಸಿತು. ಕೇಳಿಸಿದ ಮೇಲೂ ಕೈ ಎರಡು ಏಟು ತಟ್ಟಿತು, ಅಭ್ಯಾಸ ಬಲ. ಕೋಲು ನಿಲ್ಲಲಿಲ್ಲವಲ್ಲ, ಆ ಹುಡುಗಿ ಗೋಡೆ ಹಿಡಿದುಕೊಂಡು ಅದೇ ಕಾಲಿನ ಮೇಲೆ ಇನ್ನೊಂದು ಸಲ ಹಿಮ್ಮಡಿ ಎತ್ತಲು ಹೋದಳು. ಆಮೇಲೆ ಬಿದ್ದಳು.

ಸುಬ್ಬಣ್ಣನವರು ಆಟೋ ತರಲು ಓಡಿದರು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹನ್ನೊಂದು ವರ್ಷದಲ್ಲಿ ಅವಳನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಅವಳು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಮೆಲ್ಲಗೆ, "ಬಚ್ಚಲಲ್ಲಿ ಜಾರ್ಬುಟ್ಟೆ ಅಂತೀನಿ ಮಿಸ್. ನೀವೇನೂ ಯೋಳ್ಬೇಡಿ" ಎಂದಳು.

ನಾನು ಬೇಡ ಎನ್ನಲಿಲ್ಲ.

ಮೈಸೂರಿನಲ್ಲಿ ಆಪರೇಷನ್ ಆಯಿತು. ಅರ್ಧ ಹರಿದಿದ್ದದ್ದು ಪೂರ್ತಿ ಹರಿದಿತ್ತು, ಒಳಗಿನ ಮೂಳೆಯ ಮೇಲಿನ ಮೆತ್ತೆಯ ಚೂರೊಂದು ಕಿತ್ತು ಬಂದಿತ್ತು. ಡಾಕ್ಟರು ಕಾರಿಡಾರಿನಲ್ಲಿ ನಿಂತುಕೊಂಡೇ ಹೇಳಿದರು. ನಡೆಯಬಹುದು, ನಿಧಾನಕ್ಕೆ ಮೆಟ್ಟಿಲು ಹತ್ತಬಹುದು. ಹಾರಿ ಇಳಿಯುವುದು ಇನ್ನು ಇಲ್ಲ. ಎಷ್ಟು ವರ್ಷಕ್ಕೆ ಎಂದು ನಾನು ಕೇಳಿದೆ. ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿ, ಇಲ್ಲ ಅಂದರೆ ಇಲ್ಲ ಎಂದು ಮುಂದಕ್ಕೆ ಹೋದರು. ಚಲುವರಾಜು ಬೆಂಚಿನ ಮೇಲೆ ಕೂತಿದ್ದ. ನಾನು ಹತ್ತಿರ ಹೋದಾಗ ಎದ್ದು ನಿಂತು, ನಿಮ್ಮ ಹನ್ನೊಂದು ವರ್ಷದ ಶ್ರಮವನ್ನು ನನ್ನ ಮಗಳು ಬಚ್ಚಲಿಗೆ ಸುರಿದುಬಿಟ್ಟಳು ಎಂದು ನನ್ನ ಹತ್ತಿರ ಕ್ಷಮೆ ಕೇಳಿದ. ಆ ಕ್ಷಮೆಯನ್ನೂ ನಾನು ತೆಗೆದುಕೊಂಡೆ.

ಅವಳನ್ನು ಕಿಕ್ಕೇರಿಗೆ ಕರೆದುಕೊಂಡು ಹೋದರು. ಜೂನ್ ಬಂತು, ಪರೀಕ್ಷೆ ಹೋಯಿತು. ನಾಗಮಂಗಲದ ಶಾಲೆಗೆ ಮೈಸೂರಿನಿಂದ ಬೇರೆ ಯಾರನ್ನೋ ತೆಗೆದುಕೊಂಡರು. ನಾನು ಕ್ಲಾಸು ನಿಲ್ಲಿಸಿದೆ. ಆರೋಗ್ಯ ಸರಿಯಿಲ್ಲ ಎಂದು ಮಕ್ಕಳ ತಾಯಂದಿರಿಗೆ ಹೇಳಿದೆ, ಅವರು ಹಣ್ಣು ತಂದುಕೊಟ್ಟು ಹೋದರು. ಸುಬ್ಬಣ್ಣನವರಿಗೆ ಎಲ್ಲ ಗೊತ್ತಿತ್ತು. ಅವರು ತಮಾಷೆ ಮಾಡುವುದನ್ನು ಬಿಟ್ಟುಬಿಟ್ಟರು.

ಸೆಪ್ಟೆಂಬರಿನಲ್ಲಿ ಸ್ನೇಹಳಿಂದ ಫೋನು ಬಂತು. ಅನಿತ ಮತ್ತೆ ಅವಳ ಹತ್ತಿರವೇ ಬರುತ್ತಿದ್ದಾಳಂತೆ, ಈಗ ನಡಿಗೆ ನೆಟ್ಟಗಾಗಲು. ಹಾಳೆಯಲ್ಲಿ ಬರೆದುಕೊಟ್ಟಷ್ಟನ್ನೇ ಮಾಡುತ್ತಾಳಂತೆ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಆದರೆ ಜೊತೆಗೆ ಬರುವ ಅಪ್ಪ ದಾರಿಯುದ್ದಕ್ಕೂ ಬೈಯುತ್ತಾನೆ, ಅಜ್ಜಿ ಮನೆಯಲ್ಲಿ ಬೈಯುತ್ತಾಳೆ, ಕಣ್ಣು ಎಲ್ಲಿಟ್ಟುಕೊಂಡು ಬಚ್ಚಲಿಗೆ ಹೋಗಿದ್ದೆ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಅನಿತ ತಲೆ ಎತ್ತುವುದಿಲ್ಲ. "ಅದು ಬಚ್ಚಲಲ್ಲಿ ಆದ ಗಾಯ ಅಲ್ಲ ಮೇಡಂ. ನನಗೆ ಗೊತ್ತು, ನಿಮಗೂ ಗೊತ್ತು" ಎಂದು ಸ್ನೇಹ ಫೋನು ಇಟ್ಟುಬಿಟ್ಟಳು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಕಿಕ್ಕೇರಿಗೆ ಹೊರಟೆ. ಕಾಲನ್ನಂತೂ ಹಿಂದಕ್ಕೆ ಕೊಡಲಾರೆ, ಮೈಮೇಲೆ ಬಿದ್ದ ಬೈಗುಳವನ್ನಾದರೂ ಇಳಿಸಿ ಬರುತ್ತೇನೆ ಅಂದುಕೊಂಡೆ. ಮಾಡಿದವಳು ನಾನು, ಬೈಸಿಕೊಳ್ಳುವವಳೂ ನಾನೇ ಆಗಬೇಕು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ.

ಚಲುವರಾಜು ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ ಮನೆಗೆ ಕರೆದುಕೊಂಡು ಹೋದ. ನಡುಮನೆಯಲ್ಲಿ ಅನಿತ ಗೋಡೆ ಹಿಡಿದು ನಿಂತಿದ್ದಳು, ಎರಡೂ ಹಿಮ್ಮಡಿ ಮೆಲ್ಲಗೆ ಏಳುತ್ತಿದ್ದವು, ಮೆಲ್ಲಗೆ ಇಳಿಯುತ್ತಿದ್ದವು. ಮೈ ಸಣ್ಣಗಾಗಿತ್ತು. ನನ್ನನ್ನು ಕಂಡವಳೇ ಮಾಡುವುದನ್ನು ನಿಲ್ಲಿಸಿ, ಕಷ್ಟಪಟ್ಟು ಬಗ್ಗಿ ನನ್ನ ಕಾಲು ಮುಟ್ಟಿದಳು. ತಿಮ್ಮಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು ನಿಂತುಕೊಂಡೇ ಹೇಳಿದೆ.

"ಚಲುವರಾಜು, ಅನಿತ ಬಚ್ಚಲಲ್ಲಿ ಜಾರಲಿಲ್ಲ. ಡಾಕ್ಟರು ಬೇಡ ಅಂದದ್ದನ್ನ ನಾನು ಮಾಡಿಸಿದೆ. ಕೋಲು ಹಿಡಿದು ಕೂತು ನಾನೇ ಮಾಡಿಸಿದೆ. ಅವಳ ಕಾಲು ಹೋದದ್ದು ನನ್ನಿಂದ."

ಅನಿತಳ ಮುಖ ಬಿಳಿಚಿಕೊಂಡಿತು. ಇಲ್ಲ ಎನ್ನುವ ಹಾಗೆ ಅಪ್ಪನ ಕಡೆ ನೋಡಿ ತಲೆಯಾಡಿಸಿದಳು. ಚಲುವರಾಜು ನನ್ನನ್ನು ನೋಡಿದ, ಅವಳನ್ನು ನೋಡಿದ, ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಅವನಿಗೆ ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಈಗ ಬೈಯುತ್ತಾನೆ, ಹೊರಗೆ ಹೋಗು ಎನ್ನುತ್ತಾನೆ ಎಂದು ನಾನು ಕಾದೆ. ಅದಕ್ಕಾಗಿಯೇ ಅಷ್ಟು ದೂರದಿಂದ ಬಂದಿದ್ದೆ.

ಅವನು ಹಿತ್ತಲ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಮಾತಾಡಿದ. "ಜಾರಿದ್ಲು ಅಂತ್ಲೇ ಇರ್ಲಿ ಬುಡಿ ಮೇಡಮ್ಮೋರೆ. ಅಂಗಾದ್ರೆ ಇವ್ಳನ್ನ ಬಯ್ಕಂಡಾದ್ರೂ ಇರ್ಬೋದು. ನಿಮ್ಮನ್ನ ಬಯ್ಯಕಾದದಾ ನಾವು?"

ಬೈಯಬೇಕು, ಬೈಯಿರಿ ಎಂದೆ. ಅವನು ತಲೆ ತಗ್ಗಿಸಿ ಅಡ್ಡಡ್ಡ ಆಡಿಸಿದ. ಊರಿಗೆಲ್ಲ ನಾನೇ ಹೇಳುತ್ತೇನೆ ಎಂದೆ. ಅವನು ಕೈಮುಗಿದು, ಬೇಡ, ಗುರುವೇ ಮಗಳ ಕಾಲು ಮುರಿದಳು ಎಂದರೆ ಇವಳು ಕಲಿತದ್ದಕ್ಕೂ ಅರ್ಥವಿಲ್ಲದಂತಾಗುತ್ತದೆ, ನಾವು ಕಳಿಸಿದ್ದಕ್ಕೂ ಅರ್ಥವಿಲ್ಲದಂತಾಗುತ್ತದೆ ಎಂದು ಬೇಡಿಕೊಂಡ. ಅನಿತ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಅವಳ ಹೆಸರು ಹಿಡಿದು ಕರೆದೆ, ಅವಳು ನನ್ನ ಕಡೆ ತಿರುಗಲಿಲ್ಲ. ನನಗೆ ಇನ್ನು ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟಿಕೊಳ್ಳುವಾಗ ತಿಮ್ಮಮ್ಮ ಹಿತ್ತಲಿಂದ ಒಳಗೆ ಬಂದು, ಯಾರು ಬಂದಿದ್ದು ಎಂದು ಕೇಳಿದ್ದು ಕೇಳಿಸಿತು. ಚಲುವರಾಜು ಗಟ್ಟಿಯಾಗಿ, ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದ.

"ಡ್ಯಾನ್ಸ್ ಮೇಡಮ್ಮೋರು ಕಣವ್ವ, ನೋಡ್ಕಂಡೋಗನ ಅಂತ ಬಂದಿದ್ರು. ಇವ್ಳು ನೆಟ್ಟಗೆ ಕಾಲೂರಿದ್ರೆ ಆಯಮ್ಮ ಈ ವಯಸ್ನಲ್ಲಿ ಯಾಕೆ ಇಷ್ಟ್ ದೂರ ಬಸ್ಸತ್ಕಂಡ್ ಬರ್ಬೇಕಾಗಿತ್ತು? ನಾಚ್ಕೆ ಆಗ್ಬೇಕು ಕಣಮ್ಮಿ ನಿಂಗೆ."

"ಊಂ ಕಣಪ್ಪ" ಎಂದಳು ಅನಿತ.